ಚಾಳೀಸು ಬೇಡವಾದ ದಿನಗಳು

೧೯೮೪ನೇ ಇಸವಿ. ದಸರಾ ರಜೆ ಮುಗಿದು ಶಾಲೆ ಮತ್ತೆ ಶುರುವಾಗಿತ್ತು. ರಾಜಾಜಿನಗರದ ಒಂದು ಶಾಲೆಯಲ್ಲಿ ನಾನು ಕನ್ನಡ ಮೇಡಂ. ವಯಸ್ಸು ನಲವತ್ತಾರು. ಚಾಳೀಸು ಬಂದು ಆರು ವರ್ಷವಾಗಿತ್ತು. ಅದಿಲ್ಲದಿದ್ದರೆ ಪುಸ್ತಕದ ಅಕ್ಷರವೆಲ್ಲ ಇರುವೆ ಸಾಲು. ಒಂದು ಬೆಳಿಗ್ಗೆ ಕನ್ನಡಕ ಹುಡುಕುವ ತಾಳ್ಮೆಯಿಲ್ಲದೆ ಹಾಗೇ ಪೇಪರ್ ಬಿಡಿಸಿದೆ. ವಧೂವರರ ಜಾಹೀರಾತಿನ ಪುಟ್ಟ ಅಕ್ಷರ ಕೂಡ ಸ್ಪಷ್ಟವಾಗಿ ಕಾಣಿಸಿತು!

ಬಸವೇಶ್ವರನಗರದ ನಮ್ಮ ಮನೆಯಲ್ಲಿ ನನ್ನಷ್ಟೇ ಜೋರು ಬಾಯಿ ಇದ್ದದ್ದು ನಮ್ಮತ್ತೆಗೆ. ಸುದ್ದಿ ಕೇಳಿದ್ದೇ ತಡ, ಅಡುಗೆಮನೆಯಿಂದ ಓಡಿ ಬಂದರು.

“ತಾಯಿ ಕಣ್ಬಿಟ್ಳು ಕಣೇ ಸರೋಜ! ನಿನ್ ಕಣ್ಣು ಸರಿಹೋದ್ರೆ ಬೆಳ್ಳಿ ಕಣ್ಣು ಒಪ್ಪಿಸ್ತೀನಿ ಅಂತ ಹರಕೆ ಹೊತ್ತಿದ್ದೆ. ನಿಂಗೆ ಹೇಳಿರ್ಲಿಲ್ಲ ಅಷ್ಟೆ.”

ಮುಂದಿನ ಶುಕ್ರವಾರವೇ ದೇವಿಯ ಗುಡಿಗೆ ಹೋಗಿ ಹರಕೆ ತೀರಿಸಿದೆವು. ಬೀದಿಗೆಲ್ಲ ಸಿಹಿ ಪೊಂಗಲ್ ಹಂಚಿದೆವು. ಆಗ ನನಗೆ ಎಲ್ಲಿಲ್ಲದ ಹಸಿವು, ಬಾಯಾರಿಕೆ. ಎರಡು ಸಲ ಹಾಕಿಸಿಕೊಂಡು ತಿಂದೆ, ಮೇಲೆ ಒಂದು ಕೂಜ ನೀರು ಕುಡಿದೆ. ಅಷ್ಟು ತಿಂದರೂ ರವಿಕೆ ಸಡಿಲವಾಗುತ್ತಿತ್ತು. ಸ್ಟಾಫ್ ರೂಮಿನಲ್ಲಿ “ಏನ್ರೀ, ಇಷ್ಟು ಸಣ್ಣ ಆಗ್ಬಿಟ್ಟಿದೀರ, ನಮಗೂ ಗುಟ್ಟು ಹೇಳ್ರೀ” ಎನ್ನುತ್ತಿದ್ದರು. ನನಗೋ ಜಂಬವೋ ಜಂಬ. ಹಿಂದಿನ ಬೆಂಚಿನ ಹುಡುಗಿಯರ ಮುಖ ಮಂಜಾಗಿ ಕಾಣುತ್ತಿದ್ದುದಕ್ಕೆ ಕೋಣೆಯ ಕತ್ತಲೆಯನ್ನು ಬೈದುಕೊಂಡು ಸುಮ್ಮನಾಗಿದ್ದೆ.

ಒಂದು ಸಂಜೆ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಬಸ್ಸು ಬರುತ್ತಿದೆ, ಬೋರ್ಡು ಕಾಣಿಸುತ್ತಿಲ್ಲ. ಹತ್ತಿರ ಬಂದು ಓದುವಷ್ಟರಲ್ಲಿ ಅದು ಹೊರಟೇಬಿಡುತ್ತಿತ್ತು. ಹೀಗೇ ನಾಲ್ಕಾರು ಬಸ್ಸು ಹೋದವು. ತರಕಾರಿ ಚೀಲ ಹಿಡಿದು ಪಕ್ಕದಲ್ಲಿದ್ದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು, “ಯಾವ್ ಬಸ್ ಬೇಕು ತಾಯಿ? ಓದಕ್ಕೆ ಬರ್ದಿದ್ರೆ ನಾಚ್ಕೋಬೇಡಿ, ನಾನ್ ಹೇಳ್ತೀನಿ.”

ಇಪ್ಪತ್ತು ವರ್ಷ ಮಕ್ಕಳಿಗೆ ಓದು ಕಲಿಸಿದ ಬಾಯಿಂದಲೇ “ಬಸವೇಶ್ವರನಗರದ ಬಸ್ಸು” ಎಂದೆ. ಅವರು ಹತ್ತಿಸಿದ್ದಲ್ಲದೆ ಕಂಡಕ್ಟರಿಗೂ ಕೂಗಿ ಹೇಳಿದರು, “ಇವ್ರನ್ನ ಬಸವೇಶ್ವರನಗರದಲ್ಲಿ ಇಳಿಸಪ್ಪಾ, ಪಾಪ, ಓದು ಬರಲ್ಲ.” ಇಡೀ ಬಸ್ಸು ನನ್ನನ್ನೇ ನೋಡಿತು. ಅವಮಾನಕ್ಕಿಂತ ಭಯವೇ ಹೆಚ್ಚಾಯಿತು.

ಮರುದಿನ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಪರೀಕ್ಷೆ ಮಾಡುತ್ತಾ ಮಾಡುತ್ತಾ ತಟ್ಟನೆ ನಿಲ್ಲಿಸಿ, “ನೀರು ಜಾಸ್ತಿ ಕುಡೀತೀರಾ ಮೇಡಂ?” ಎಂದರು. ಪಕ್ಕದ ಲ್ಯಾಬಿನಲ್ಲಿ ಮೂತ್ರ ಪರೀಕ್ಷೆಯಾಯಿತು. ಗಾಜಿನ ಕೊಳವೆಯಲ್ಲಿದ್ದ ನೀಲಿ ನೀರು ಕಾಯಿಸಿದೊಡನೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಸಕ್ಕರೆ ಕಾಯಿಲೆ!

“ನಿಮ್ ಕಣ್ಣು ಸರಿಹೋಗಿಲ್ಲ ಮೇಡಂ. ಮೈಯಲ್ಲಿ ಸಕ್ಕರೆ ಏರಿ ಕಣ್ಣಿನ ಮಸೂರ ಉಬ್ಬಿದೆ. ಅದಕ್ಕೇ ಹತ್ರದ್ದು ಕಾಣತ್ತೆ, ದೂರದ್ದು ಕಾಣಲ್ಲ. ಸಕ್ಕರೆ ಇಳೀತಾ ನಂಬರ್ ಮತ್ತೆ ಬದಲಾಗತ್ತೆ. ಈಗ ಹೊಸ ಕನ್ನಡಕ ಮಾಡಿಸ್ಬೇಡಿ. ಸ್ವಲ್ಪ ದಿನ ಹತ್ರದ್ದೂ ಕಾಣ್ದೆ, ದೂರದ್ದೂ ಕಾಣ್ದೆ ಕಷ್ಟ ಆಗ್ಬಹುದು. ಏನೇ ಆದ್ರೂ ನಿಮ್ ಡಾಕ್ಟರು ಕೊಡೋ ಸಕ್ಕರೆ ಮಾತ್ರೆ ಮಾತ್ರ ಬಿಡ್ಬೇಡಿ” ಎಂದರು.

ನಮ್ಮ ಮಾಮೂಲಿ ಡಾಕ್ಟರು ಮಾತ್ರೆ, ಪಥ್ಯ ಬರೆದುಕೊಟ್ಟರು. ಕಾಫಿಗೆ ಸಕ್ಕರೆ ಬಿಟ್ಟೆ, ರಾತ್ರಿ ಅನ್ನ ಬಿಟ್ಟು ಚಪಾತಿ ಹಿಡಿದೆ. ಕಣ್ಣಿನ ಡಾಕ್ಟರು ಹೇಳಿದಂತೆಯೇ ಆಯಿತು. ಎರಡನೇ ವಾರಕ್ಕೆ ಪೇಪರ್ ಓದಲಾಗಲಿಲ್ಲ. ಹಳೆಯ ಚಾಳೀಸು ಹಾಕಿದರೂ ಅಕ್ಷರಗಳು ತೇಲಾಡುತ್ತಿದ್ದವು. ಅತ್ತೆ ಸಿಡಿದರು.

“ತಾಯಿ ಕೊಟ್ಟ ಕಣ್ಣನ್ನ ಮಾತ್ರೆ ನುಂಗಿ ಹಾಳ್ ಮಾಡ್ಕೊಂಡ್ಯಲ್ಲೇ! ಬಿಟ್ಬಿಡು ಅದನ್ನ!”

ನಮ್ಮ ಯಜಮಾನರು ಅತ್ತ ತಾಯಿಗೂ ಎದುರಾಡದೆ, ಇತ್ತ ನನಗೂ ಎದುರಾಡದೆ ಚಪ್ಪಲಿ ಮೆಟ್ಟಿಕೊಂಡು ಹಾಲು ತರಲು ಹೊರಟುಬಿಟ್ಟರು.

ಅತ್ತೆಯ ಮಾತು ನನ್ನ ತಲೆಯಲ್ಲೂ ಕೊರೆಯುತ್ತಿತ್ತು, ಸುಳ್ಳೇಕೆ ಹೇಳಲಿ? ಶಾಲೆಯಲ್ಲಿ ಪರೀಕ್ಷೆ ಹತ್ತಿರ ಬಂದಿತ್ತು. ಹೆಡ್‌ಮಿಸ್ಟ್ರೆಸ್ “ರಜಾ ಹಾಕಿ ಸರೋಜಾ” ಎಂದಿದ್ದರು. ಕಣ್ಣು ಹೋದ ಮೇಡಂ ಯಾರಿಗೆ ಬೇಕು? ಮಾತ್ರೆ ಬಿಟ್ಟರೆ ಮತ್ತೆ ಓದಬಹುದು. ಒಂದು ಬೆಳಿಗ್ಗೆ ಅಂಗೈಯಲ್ಲಿ ಮಾತ್ರೆ ಇಟ್ಟುಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಬಸ್ಸಿನಲ್ಲಿ “ಪಾಪ” ಎನ್ನಿಸಿಕೊಂಡದ್ದು ನೆನಪಾಗಿ ಮೈ ಉರಿಯಿತು. ಜೀವನಪೂರ್ತಿ ಹಾಗೆ ಅನ್ನಿಸಿಕೊಳ್ಳಲಾರೆ ಎಂದು ನುಂಗಿಬಿಟ್ಟೆ. ಡಾಕ್ಟರ ಮೇಲಿನ ನಂಬಿಕೆಗಿಂತ ಹೆಚ್ಚಾಗಿ ಹಟ ಅದು.

ರಜೆ ಹಾಕಲಿಲ್ಲ. ಪದ್ಯಗಳು ಹೇಗೂ ಬಾಯಿಪಾಠ. ಗದ್ಯವನ್ನು ಮಕ್ಕಳಿಂದಲೇ ಓದಿಸಿದೆ. ಹಿಂದಿನ ಬೆಂಚಿನಲ್ಲಿ ಯಾರಾದರೂ ಪಿಸುಗುಟ್ಟಿದರೆ ದನಿಯಿಂದಲೇ ಗುರುತು ಹಿಡಿದು ಹೆಸರು ಕೂಗುತ್ತಿದ್ದೆ. “ಮೇಡಂಗೆ ಕಾಣತ್ತೆ ಕಣೇ” ಎಂದು ಅವರು ತೆಪ್ಪಗಾಗುತ್ತಿದ್ದರು.

ದಿನ ಕಳೆದಂತೆ ಮಂಜು ಕರಗಿತು. ಮೊದಲು ಬಸ್ಸಿನ ಬೋರ್ಡು, ಆಮೇಲೆ ಚಾಳೀಸು ಹಾಕಿದರೆ ಪುಸ್ತಕ. ಕನ್ನಡಕ ಬೇಕಾಯಿತಲ್ಲ ಎಂದು ಕುಣಿದಾಡಿದವಳು ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ಆದರೂ ಕಣ್ಣಿಗೆ ಔಷಧಿ ಬಿಟ್ಟು ಒಳಗನ್ನು ನೋಡಬೇಕೆಂದು ಡಾಕ್ಟರು ಕರೆದಿದ್ದರು. ಔಷಧಿ ಬಿಟ್ಟರೆ ಕಣ್ಣು ಮಂಜಾಗುತ್ತದೆ, ಕೈ ಹಿಡಿದು ಕರೆತರಲು ಜೊತೆಗೊಬ್ಬರು ಬೇಕು. ಅತ್ತೆ ಗೊಣಗುತ್ತಲೇ ಬಂದರು. ಡಾಕ್ಟರು ನೋಡಿ, ಅವರಿಗೇ ಹೇಳಿದರು:

“ಒಳಗೆ ಏನೂ ಹಾಳಾಗಿಲ್ಲ ಅಮ್ಮ. ಈ ಸಲ ಮಂಜಾಗಿದ್ದು ವಾಪಸ್ ಬಂತು. ಸಕ್ಕರೆ ಹಿಡಿತದಲ್ಲಿ ಇಡ್ದಿದ್ರೆ ಮುಂದೆ ಹೋಗೋ ಕಣ್ಣು ವಾಪಸ್ ಬರಲ್ಲ.”

ದಾರಿಯುದ್ದಕ್ಕೂ ಅತ್ತೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದರು.

ಅದೇ ತಿಂಗಳು ವಿಜಯನಗರದಲ್ಲಿ ನೆಂಟರ ಮನೆಯ ಗೃಹಪ್ರವೇಶ. ನನ್ನ ಕಾಯಿಲೆಯ ವಿಷಯ ಯಾರ ಮುಂದೆಯೂ ಎತ್ತಬಾರದೆಂದು ಅತ್ತೆ ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಊಟದ ಪಂಕ್ತಿಯಲ್ಲಿ ಮನೆಯಾಕೆ ಬಿಸಿ ಒಬ್ಬಟ್ಟು ಹಿಡಿದು ಬಂದರು. ನಾನು ಬೇಡವೆಂದೆ. “ಶುಭಕಾರ್ಯದಲ್ಲಿ ಬೇಡ ಅನ್ಬಾರ್ದು, ಒಂದೇ ಒಂದು” ಎಂದು ಬಗ್ಗಿಯೇಬಿಟ್ಟರು.

ಪಕ್ಕದಲ್ಲಿದ್ದ ಅತ್ತೆ ನನ್ನ ಎಲೆಯ ಮೇಲೆ ಕೈ ಅಡ್ಡ ಹಿಡಿದರು. ಹಂಚಿನಿಂದ ಆಗಷ್ಟೇ ತೆಗೆದ ಒಬ್ಬಟ್ಟು ಅವರ ಮುಂಗೈ ಮೇಲೆಯೇ ಬಿತ್ತು. ಕೈ ಮಾತ್ರ ತೆಗೆಯಲಿಲ್ಲ.

“ಅವಳಿಗೆ ಬಡಿಸ್ಬೇಡಿ. ನಮ್ ಸರೋಜಂಗೆ ಸಕ್ಕರೆ ಕಾಯ್ಲೆ. ಅವಳ ಕಣ್ಣು ನಮಗೆ ಬೇಕು” ಎಂದರು, ಇಡೀ ಪಂಕ್ತಿಗೆ ಕೇಳುವಂತೆ.

ನನಗೆ ಅಳು ಬಂತು. ತಲೆ ತಗ್ಗಿಸಿ ಕೋಸಂಬರಿ ತಿಂದೆ.

ಅತ್ತೆ ಈಗಿಲ್ಲ. ನಿವೃತ್ತಿಯಾದರೂ ಮನೆಯಲ್ಲಿ ಮಕ್ಕಳಿಗೆ ನಾನು ಇನ್ನೂ ಪಾಠ ಮಾಡುತ್ತಿದ್ದೇನೆ. ಒಂದು ದಿನ ಮಾತ್ರೆ ಬಿಟ್ಟರೇನು ಎಂದು ಮನಸ್ಸು ಎಷ್ಟೋ ಸಲ ಸೋಮಾರಿಯಾಗುತ್ತದೆ. ಆಗ ಎಲೆಗೆ ಅಡ್ಡ ಹಿಡಿದ, ಸುಟ್ಟು ಕೆಂಪಾದ ಆ ಕೈ ಕಣ್ಣ ಮುಂದೆ ಬರುತ್ತದೆ. ಎದ್ದು ಹೋಗಿ ಮಾತ್ರೆ ನುಂಗುತ್ತೇನೆ.