ನೋಡದೆ ಬರೆದ ವರದಿ

ನಮ್ಮ ದಫ್ತರದ ಸಾಹೇಬರ ಬಲಗೈ ಹೆಬ್ಬೆರಳಿನ ಉಗುರು ಅರ್ಧಕ್ಕೆ ಸವೆದುಹೋಗಿತ್ತು. ಹಳೆಯ ಕಡತಗಳನ್ನು ಕಟ್ಟಿಟ್ಟ ಕೆಂಪು ಬಟ್ಟೆಯ ಗಂಟುಗಳನ್ನು ಬಿಚ್ಚಿ ಬಿಚ್ಚಿ ಹಾಗಾಗಿದ್ದು. ಗಂಟು ಕತ್ತರಿಸಲು ಯಾರಾದರೂ ಕತ್ತರಿ ಮುಟ್ಟಿದರೆ ಉರಿದುಬೀಳುತ್ತಿದ್ದರು. ಗೊಳಸಂಗಿಯ ಹಳೆಯ ಮುಸ್ಲಿಂ ಮನೆತನದವರು. ನಮ್ಮ ಸರಕಾರಿ ಕಚೇರಿಯ ಕಡತದ ಕೋಣೆಯನ್ನು ಇಪ್ಪತ್ತು ವರ್ಷ ಕಾದವರು. ನಾನು ಅವರ ಕೈಕೆಳಗೆ ಗುಮಾಸ್ತೆಯಾಗಿ ಸೇರಿದ ದಿನ ಹೇಳಿದ್ದು ಒಂದೇ ಮಾತು: "ತಂಗಿ, ಇವು ಬರೇ ಕಾಗದ ಅಲ್ಲ. ಮಂದಿ ಹೊಲಾ, ಮನಿ ಅದಾವು. ಕಾಲಿಂದ ಸರಸಬ್ಯಾಡ."

ದೇವರ ಹಿಪ್ಪರಗಿಯಿಂದ ಯಾರಾದರೂ ಅಜ್ಜನ ಕಾಲದ ಹೊಲದ ಕಾಗದ ಕೇಳಿಕೊಂಡು ಬಂದರೆ, ತಿರುಗಿ ಹೋಗುವ ಬಸ್ಸು ತಪ್ಪದಂತೆ ತೆಗೆದುಕೊಡುತ್ತಿದ್ದರು. ಇದರಿಂದ ಬಾಗಿಲಲ್ಲಿ ಕಾಯುವ ದಲ್ಲಾಳಿಗಳ ಹೊಟ್ಟೆಗೆ ಕಲ್ಲು ಬಿತ್ತು. ಅವರು ಮೇಲಕ್ಕೆ ದೂರು ಬರೆದರು. ಬೇರೆ ಜಿಲ್ಲೆಯಿಂದ ತಪಾಸಣೆಗೆ ಒಬ್ಬ ಅಧಿಕಾರಿ ಬಂದರು.

ಬಂದವರು ಹೊರಗಿನ ಕೋಣೆಯಲ್ಲಿ ಫ್ಯಾನಿನ ಕೆಳಗೆ ಕುಳಿತು ಚಹಾ ಕುಡಿದು, "ಕಡತಗಳು ಅಸ್ತವ್ಯಸ್ತ, ಅರ್ಧ ಗೆದ್ದಲು ಪಾಲು" ಎಂದು ವರದಿ ಬರೆದರು. ಒಳಗೆ ಕಾಲಿಡಲೇ ಇಲ್ಲ.

ಸಾಹೇಬರು ಕೀಲಿಕೈಯನ್ನು ಅವರ ಮುಂದೆ ಇಟ್ಟರು. "ಒಂದು ಗಂಟರ ಬಿಚ್ಚಿ ನೋಡ್ರಿ ಸರ. ಗೆದ್ದಲ ಇದ್ರ ಇವತ್ತ ನೌಕರಿ ಬಿಡ್ತೇನಿ."

"ನನಗೇ ತಪಾಸಣೆ ಕಲಿಸ್ತೀರೇನ್ರೀ?"

"ಹೌದ್ರಿ. ನೋಡದ ಬರದದ್ದಕ್ಕ ತಪಾಸಣಿ ಅನ್ನಂಗಿಲ್ರಿ."

ಅಧಿಕಾರಿಯ ಮುಖ ಕೆಂಪಾಯಿತು. ವರದಿಯನ್ನು ನಮ್ಮತ್ತ ತಳ್ಳಿದರು. ಸಾಕ್ಷಿಗೆ ನಾನೂ ಇನ್ನಿಬ್ಬರು ಗುಮಾಸ್ತರೂ ಸಹಿ ಹಾಕಿದೆವು. ಸಾಹೇಬರು ನೋಡುತ್ತ ನಿಂತಿದ್ದರು.

ಸಾಹೇಬರನ್ನು ಇಂಡಿ ತಾಲೂಕಿಗೆ ವರ್ಗ ಮಾಡಿದರು. ಮರುತಪಾಸಣೆ ಆಗಲಿ ಎಂದು ಅಲ್ಲಿಂದ ತಿಂಗಳಿಗೆ ಎರಡು ಅರ್ಜಿ ಬರೆದರು. ಒಂದಕ್ಕೂ ಉತ್ತರವಿಲ್ಲ. ಒಮ್ಮೆ ನೋಡಲು ಹೋದೆ. ಕೂಡ್ರು ಎನ್ನಲಿಲ್ಲ.

"ಹೆದರಿದ್ನಿರಿ" ಎಂದೆ.

"ಅಂವಾ ಕೋಣಿ ನೋಡಿದ್ದಿಲ್ಲ. ನೀ ದಿನಾ ನೋಡ್ತಿದ್ದಿ. ನನಗ ಸಿಟ್ಟು ಅವನ ಮ್ಯಾಲ ಅಲ್ಲ, ನಿನ್ನ ಮ್ಯಾಲ."

ನಿವೃತ್ತಿಗೆ ಮೊದಲೇ, ಅದೇ ಸಿಟ್ಟಿನಲ್ಲಿ ಎದೆ ಒಡೆದು ತೀರಿಹೋದರು. ದಫನ್ ಆದ ಮರುದಿನ ನಾನು ಮೇಲಧಿಕಾರಿಗಳಿಗೆ ಬರೆದೆ: ವರದಿ ಸುಳ್ಳು, ಸುಳ್ಳೆಂದು ಗೊತ್ತಿದ್ದೂ ಸಹಿ ಮಾಡಿದ್ದೇನೆ. ನನಗೇ ನೋಟಿಸು ಬಂತು. "ಸತ್ತವರಿಗೆ ಇದರಿಂದ ಏನ ಬಂತವಾ?" ಎಂದರು ಜೊತೆಗೆ ಸಹಿ ಹಾಕಿದ್ದ ಇಬ್ಬರು. ಅವರ ಮುಖ ನೋಡಿದರೆ ಈಗಲೂ ಮೈ ಉರಿಯುತ್ತದೆ. ಕನ್ನಡಿಯಲ್ಲಿ ನನ್ನ ಮುಖ ಕಂಡರೆ ಇನ್ನೂ ಹೆಚ್ಚು.

ತಿಂಗಳಿಗೆ ಎರಡು ಅರ್ಜಿ ಈಗ ನಾನು ಬರೆಯುತ್ತಿದ್ದೇನೆ.