ಸೂತಕದ ತೊಟ್ಟಿ

ಶ್ರೀನಿವಾಸಪುರದಲ್ಲಿ ನಮ್ಮ ಯಜಮಾನರಿಗೆ ಒಂದು ಫೋಟೋ ಸ್ಟುಡಿಯೋ ಇತ್ತು. ಮುಂದೆ ಸ್ಟುಡಿಯೋ, ಹಿಂದೆ ಮನೆ. ಎಂಬತ್ತರ ದಶಕದ ಮೊದಲ ವರ್ಷಗಳು. ಕಲರ್ ಫೋಟೋ ನಮ್ಮ ಕಡೆಗೆ ಆಗಷ್ಟೇ ಬಂದಿತ್ತು. ಬಣ್ಣದ ಫೋಟೋ ಅಂದಮೇಲೆ ಹಿಂದುಗಡೆ ಬಣ್ಣದ್ದೇನಾದರೂ ಇರಬೇಕು ಅನ್ನುವುದು ಯಜಮಾನರ ವಾದ. ಊಟಿಯ ಪರದೆ, ತಾಜ್‌ಮಹಲಿನ ಪರದೆ ಎಲ್ಲರ ಹತ್ತಿರವೂ ಇದ್ದವು. ಇವರು ಸಮುದ್ರದ ಮೀನಿನ ಗಾಜಿನ ತೊಟ್ಟಿ ಇಡುತ್ತೇನೆಂದು ಹಟ ಹಿಡಿದರು. ಸಮುದ್ರ ಎಲ್ಲಿ, ಶ್ರೀನಿವಾಸಪುರ ಎಲ್ಲಿ ಎಂದು ನಾನು ನಕ್ಕಿದ್ದೆ.

ನಗು ನಿಂತದ್ದು ಲಾರಿ ಬಂದ ದಿನ. ಯಜಮಾನರ ಬಾಲ್ಯದ ಗೆಳೆಯರೊಬ್ಬರು ನಂಗಲಿಯವರು, ಮದರಾಸಿಗೆ ತರಕಾರಿ ಲೋಡು ಹೊಡೆಯುತ್ತಿದ್ದರು. ವಾಪಸ್ಸು ಬರುವಾಗ ಖಾಲಿ ಲಾರಿಯಲ್ಲಿ ಪ್ಲಾಸ್ಟಿಕ್ ಕ್ಯಾನುಗಳ ತುಂಬ ಸಮುದ್ರದ ನೀರು, ಗಾಳಿ ತುಂಬಿ ಕಟ್ಟಿದ ಕವರುಗಳಲ್ಲಿ ಮೀನು. ಹೆದ್ದಾರಿ ಬಿಟ್ಟು ನಮ್ಮೂರಿನ ತನಕ ಬಂದು ಇಳಿಸಿ, "ವದಿನಾ, ನಿಮ್ಮೂರಿಗೆ ಸಮುದ್ರಾನೇ ತಂದಿದೀನಿ, ಒಂದು ಕಾಫಿ ಕೊಡಿ" ಅಂದರು. ಅತ್ತಿಗೆಗೆ ತೆಲುಗಿನಲ್ಲಿ ವದಿನ. ನನ್ನನ್ನು ಅವರು ಕೊನೆಯವರೆಗೂ ಹಾಗೆಯೇ ಕರೆದರು.

ತೊಟ್ಟಿ ನೋಡಲು ಊರಿಗೆ ಊರೇ ಬಂತು. ಬಂದವರು ಮೀನು ನೋಡಿ ಸುಮ್ಮನೆ ಹೋದರೆ ಆಗುತ್ತಿತ್ತು. ಎಲ್ಲರಿಗೂ ಅದರೊಳಗೆ ಬೆರಳು ಅದ್ದಿ ನೆಕ್ಕಿ ನೋಡಬೇಕು, ನಿಜವಾಗಿಯೂ ಉಪ್ಪೇ ಅಂತ. ಮದುವೆಯ ಹೆಣ್ಣುಗಳೂ ನೆಕ್ಕಿದರು, ಮಾವಿನ ಮಂಡಿಯ ಸಾಹುಕಾರರೂ ನೆಕ್ಕಿದರು. ಬೀಡಿ ಸೇದಿದ ಬೆರಳು, ಎಣ್ಣೆ ಹಚ್ಚಿದ ಬೆರಳು ಅಂತ ನೋಡದೆ ಅದ್ದುವವರನ್ನು ಕಂಡು ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ನಾನೇ ಒಂದು ಲೋಟದಲ್ಲಿ ಅದೇ ಉಪ್ಪುನೀರು ಬೇರೆ ತೆಗೆದಿಟ್ಟು, ನೆಕ್ಕುವವರು ಇದನ್ನು ನೆಕ್ಕಿ ಎಂದು ಕೂಗಾಡಿದ ಮೇಲೆ ಆ ಕಾಟ ತಪ್ಪಿತು.

ಹಾಗೆ ಕೂಗಾಡುತ್ತಲೇ ತೊಟ್ಟಿ ನನ್ನ ಕೈಗೆ ಬಂತು. ನಾನು ಹೋಳೂರು ಕಡೆಯವಳು, ರೇಷ್ಮೆ ಹುಳ ಸಾಕುವ ಮನೆಯಲ್ಲಿ ಬೆಳೆದವಳು. ಹುಳದ ಮನೆಗೆ ಕಾಲು ತೊಳೆಯದೆ ಹೋಗಬಾರದು, ರೋಗದ ಹುಳ ಮುಟ್ಟಿದ ಕೈಯಲ್ಲಿ ಇನ್ನೊಂದು ತಟ್ಟೆ ಮುಟ್ಟಬಾರದು ಅನ್ನುವುದನ್ನೆಲ್ಲ ನನಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿರಲಿಲ್ಲ. ಕರೆಂಟು ಹೋದರೆ ಗಾಳಿ ಹಾಕುವ ಮೋಟಾರು ನಿಲ್ಲುತ್ತಿತ್ತು. ಆಗ ಚೊಂಬಿನಲ್ಲಿ ನೀರು ಎತ್ತಿ ಎತ್ತರದಿಂದ ಸುರಿಯುತ್ತ ಕೂರುತ್ತಿದ್ದೆ, ರಟ್ಟೆ ಬಿದ್ದುಹೋಗುವ ತನಕ. ಬಿಸಿಲಿಗೆ ನೀರು ಆರಿದರೆ ಉಪ್ಪು ಹೆಚ್ಚಾಗುತ್ತದೆಂದು ಗಾಜಿನ ಮೇಲೆ ಕುಂಕುಮದಲ್ಲಿ ಗೆರೆ ಎಳೆದು, ಅಲ್ಲಿಯವರೆಗೆ ಸಿಹಿನೀರು ತುಂಬುತ್ತಿದ್ದೆ. ಮೀನುಗಳು ಬದುಕಿದವು, ಬೆಳೆದವು. "ನಮ್ಮ ಸೊಸೆ ಕೈಗುಣ" ಎಂದು ಅತ್ತೆ ಬೀದಿಯವರಿಗೆಲ್ಲ ಹೇಳಿಕೊಂಡರು.

ಕೈಗುಣದ ಮಾತು ತವರಿನಿಂದಲೇ ಬಂದದ್ದು. ನಮ್ಮಪ್ಪ ರಾಗಿ ಬಿತ್ತುವ ದಿನ ಮೊದಲ ಹಿಡಿ ಬೀಜ ನನ್ನ ಕೈಯಿಂದಲೇ ಹಾಕಿಸುತ್ತಿದ್ದರು. ಮದುವೆಯಾದ ಮೇಲೂ ಹೇಳಿಕಳಿಸುತ್ತಿದ್ದರು. ನಾನು ಬಸ್ಸು ಹತ್ತಿ ಹೋಗಿ, ಒಂದು ಹಿಡಿ ಹಾಕಿ, ಉಂಡು, ಉಳಿದು ಬರುತ್ತಿದ್ದೆ. ಅಣ್ಣಂದಿರು ಇದ್ದರೂ ಆ ಒಂದು ಹಿಡಿ ನನ್ನದು. ಅದರಷ್ಟು ಹೆಮ್ಮೆ ನನಗೆ ಇನ್ನಾವುದರ ಮೇಲೂ ಇರಲಿಲ್ಲ.

ಮದರಾಸಿನ ಮೀನಿನಂಗಡಿಯವನು ಲಾರಿ ಗೆಳೆಯರ ಬಾಯಲ್ಲಿ ಒಂದು ಮಾತು ಹೇಳಿ ಕಳಿಸಿದ್ದ. ಹೊಸ ಮೀನನ್ನು ಹಳೆಯದರ ಜೊತೆ ಬಿಡಬೇಡಿ, ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆ ದಾಟುವವರೆಗೆ ಬೇರೆ ಇಡಿ, ಮೈಯಲ್ಲಿ ಕಣ್ಣಿಗೆ ಕಾಣದ ಹುಳ ಇರುತ್ತದೆ ಎಂದು. ನಾನು ಹಿತ್ತಲ ಕೋಣೆಯಲ್ಲಿ ಒಂದು ಪ್ಲಾಸ್ಟಿಕ್ ಟಬ್ಬು ಇಟ್ಟೆ. ಅದಕ್ಕೆ ಬೇರೆ ಬಲೆ, ಬೇರೆ ಚೊಂಬು. ಅತ್ತೆಗೆ ಹುಳದ ವಿಷಯ ತಲೆಗೆ ಹತ್ತಲಿಲ್ಲ. "ಅದ್ಯಾಕೆ ಪಾಪ, ಒಂದನ್ನೇ ಕತ್ತಲೇಲಿ ಇಟ್ಟಿದೀಯ?" ಅಂದರು. ನಾನು ಅವರಿಗೆ ಅರ್ಥವಾಗಲಿ ಎಂದು, "ಸೂತಕ ಇದ್ದಂಗೆ ಕಣತ್ತೆ, ಕಳೆಯೋತನಕ ಯಾರೂ ಮುಟ್ಟಬಾರ್ದು" ಅಂದೆ. ತಕ್ಷಣ ಒಪ್ಪಿಕೊಂಡರು. ಅಂದಿನಿಂದ ಅದು ಮನೆಮಂದಿಗೆಲ್ಲ ಸೂತಕದ ತೊಟ್ಟಿ. ಅತ್ತೆ ಅದರ ಹತ್ತಿರ ಹೋಗುವಾಗ ಸೆರಗು ಕೂಡ ಎತ್ತಿ ಹಿಡಿದುಕೊಳ್ಳುತ್ತಿದ್ದರು. ಎಷ್ಟು ಒಳ್ಳೆಯ ಮಾತು ಹುಡುಕಿದೆ ಎಂದು ನಾನು ಬೀಗಿದ್ದೆ.

ದೊಡ್ಡ ತೊಟ್ಟಿಯಲ್ಲಿ ನೀಲಿಯವು ಒಂದಷ್ಟಿದ್ದವು. ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಒಂದು ಜೋಡಿ ಇತ್ತು. ಆ ಜೋಡಿಯಲ್ಲಿ ದೊಡ್ಡದು ನನ್ನನ್ನು ಗುರುತು ಹಿಡಿಯುತ್ತಿತ್ತು. ಯಾರೇನಾದರೂ ಅನ್ನಲಿ, ಹಿಡಿಯುತ್ತಿತ್ತು. ಒಣ ಸೀಗಡಿ ಪುಡಿ ಹಾಕಲು ಹೋದರೆ ಬೆರಳ ತುದಿಗೆ ಬಂದು ಮುತ್ತಿಡುತ್ತಿತ್ತು. ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲದ ಆ ದಿನಗಳಲ್ಲಿ, ನನ್ನ ಹೆಜ್ಜೆ ಸಪ್ಪಳಕ್ಕೆ ತಿರುಗಿ ನೋಡುವ ಜೀವ ಅಂತ ಇದ್ದದ್ದು ಅದೊಂದೇ.

ಒಂದು ಮಾವಿನ ಕಾಲದಲ್ಲಿ ಲಾರಿಯಲ್ಲಿ ಒಂದು ಹಳದಿ ಮೀನು ಬಂತು. ಮಲಗೋಬಾ ಹೋಳಿನ ಬಣ್ಣ, ಕಣ್ಣಿನ ಮೇಲೆ ಕಪ್ಪು ಪಟ್ಟೆ. ಯಜಮಾನರು ಅದನ್ನು ನೋಡಿ ಕುಣಿದಾಡಿದರು. ನಾನು ಸೂತಕದ ತೊಟ್ಟಿಗೆ ಬಿಟ್ಟೆ. ಕೆಲವು ದಿನಕ್ಕೆ ಅದರ ರೆಕ್ಕೆಯ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಂಡವು. ಮತ್ತೆ ಕೆಲವು ದಿನಕ್ಕೆ ಚುಕ್ಕೆ ತಾವಾಗಿಯೇ ಮಾಯ.

"ವಾಸಿ ಆಯ್ತಲ್ಲ, ದೊಡ್ಡದಕ್ಕೆ ಬಿಡೋಣ" ಅಂದರು ಯಜಮಾನರು.

"ಆಗಿಲ್ಲ ರೀ. ಅದು ಮೈ ಬಿಟ್ಟು ತಳಕ್ಕೆ ಬಿದ್ದಿರುತ್ತೆ. ಅಲ್ಲೇ ಒಡೆದು, ಒಂದಿದ್ದದ್ದು ನೂರಾಗಿ ಮತ್ತೆ ಹತ್ತುತ್ತೆ. ಕಾಣದೇ ಇರೋವಾಗ್ಲೇ ಹೆಚ್ಚು ಭಯ."

ಅಂಗಡಿಯವನು ಹೇಳಿದ್ದನ್ನೇ ನಾನು ಬಿಡಿಸಿ ಬಿಡಿಸಿ ಹೇಳಿದೆ. ಅವರು ಕೇಳಿಸಿಕೊಂಡರು, ತಲೆಯಾಡಿಸಿದರು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಅವರಿಗೆ ಗೊತ್ತಿರಲಿಲ್ಲ ಎಂದು ಯಾರೂ ಅವರ ಪರವಾಗಿ ಮಾತಾಡಬಾರದು.

ಆ ವಾರದಲ್ಲೇ ಮಳೆ ಬಿತ್ತು, ಅಪ್ಪ ಹೇಳಿಕಳಿಸಿದರು. ನಾನು ಹೋಳೂರಿಗೆ ಹೋಗಿ ಬಿತ್ತನೆ ಮುಗಿಸಿಕೊಂಡು ಬಂದೆ. ಬಂದವಳು ಚೀಲ ಇಡುವ ಮೊದಲೇ ಹಿತ್ತಲ ಕೋಣೆಗೆ ಹೋಗಿ ನೋಡಿದೆ. ಹಳದಿ ಮೀನು ಸೂತಕದ ತೊಟ್ಟಿಯಲ್ಲೇ ಇತ್ತು. ಬಲೆ, ಚೊಂಬು ಇಟ್ಟಲ್ಲೇ ಇದ್ದವು. ಸಮಾಧಾನವಾಯಿತು.

ಆಮೇಲೆ ಬಹಳ ದಿನ ಕಳೆಯಲಿಲ್ಲ. ದೊಡ್ಡ ತೊಟ್ಟಿಯ ನೀಲಿ ಮೀನುಗಳು ಕಲ್ಲಿಗೆ ಮೈ ಉಜ್ಜತೊಡಗಿದವು. ಒಂದು ಬೆಳಿಗ್ಗೆ ನೋಡಿದರೆ ಎಲ್ಲದರ ಮೈಮೇಲೂ ಚುಕ್ಕೆ. ಹೇಗೆ ದಾಟಿತು? ಬಲೆ ಬೇರೆ, ಚೊಂಬು ಬೇರೆ. ನನ್ನ ಪ್ರಶ್ನೆಗೆ ಯಜಮಾನರೇ ಉತ್ತರ ಕೊಟ್ಟರು.

"ಎರಡಕ್ಕೂ ಕೈ ಹಾಕೋಳು ನೀನೊಬ್ಬಳೇ ಕಣೇ. ನಿನ್ನ ಕೈಯಿಂದಲೇ ದಾಟಿರುತ್ತೆ."

ಅತ್ತೆ ಪಕ್ಕದಲ್ಲೇ ಹೂ ಕಟ್ಟುತ್ತಿದ್ದರು. ತಲೆ ಎತ್ತಲಿಲ್ಲ.

ಕೈ ತೊಳೆದಿದ್ದೆನಲ್ಲ ಎಂದು ನೂರು ಸಲ ನೆನಪಿಸಿಕೊಂಡೆ. ಯಾವುದೋ ಒಂದು ಸಲ ಮರೆತಿರಬೇಕು ಅಂತ ಕೊನೆಗೆ ನಾನೇ ನಂಬಿದೆ. ಎಲ್ಲ ಮೀನನ್ನೂ ಟಬ್ಬುಗಳಿಗೆ ಎತ್ತಿಕೊಂಡು, ಟೊಮೆಟೊ ಗಿಡಕ್ಕೆ ಹೊಡೆಯುವ ಮೈಲುತುತ್ತವನ್ನು ಗೊಬ್ಬರದಂಗಡಿಯಿಂದ ತರಿಸಿದೆ. ಮದರಾಸಿನವನು ಹೇಳಿ ಕಳಿಸಿದ್ದ ಅಳತೆಯಲ್ಲೇ ಕರಗಿಸಿ ಇಂಕ್ ಫಿಲ್ಲರಿನಲ್ಲಿ ತೊಟ್ಟು ತೊಟ್ಟಾಗಿ ಬಿಟ್ಟೆ. ಕಡಿಮೆಯಾದರೆ ಹುಳ ಸಾಯುವುದಿಲ್ಲ, ಹೆಚ್ಚಾದರೆ ಮೀನೇ ಸಾಯುತ್ತದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ನೀಲಿಯವು ಒಂದೊಂದಾಗಿ ಮಗುಚಿದವು. ಹಳದಿಯೂ ಹೋಯಿತು. ಕಿತ್ತಳೆ ಜೋಡಿಯಲ್ಲಿ ಚಿಕ್ಕದು ಮೊದಲು, ದೊಡ್ಡದು ಎಲ್ಲಕ್ಕಿಂತ ಕೊನೆಗೆ. ಸಾಯುವ ದಿನವೂ ಅದು ನನ್ನ ಬೆರಳು ಕಂಡು ಮೇಲೆ ಬರಲು ನೋಡಿತು, ಆಗಲಿಲ್ಲ. ಅಂಗೈಯಲ್ಲಿ ಎತ್ತಿಕೊಂಡೆ. ನಾನು ಅತ್ತದ್ದು ನೋಡಿ ಯಜಮಾನರು ಸ್ಟುಡಿಯೋ ಕಡೆ ಎದ್ದು ಹೋದರು.

ದೊಡ್ಡ ತೊಟ್ಟಿಯನ್ನು ಮೀನಿಲ್ಲದೆ ಹಾಗೇ ಬಿಡಬೇಕಿತ್ತು. ಹತ್ತಲು ಮೈ ಸಿಗದೆ ಹುಳ ತಾನೇ ಸಾಯಲಿ ಅಂತ. ಬರೀ ನೀರು, ಗುಳುಗುಳು ಗುಳ್ಳೆ. ಫೋಟೋಗೆ ಬಂದವರು "ಮೀನೆಲ್ಲಿ?" ಅಂದಾಗ ಅತ್ತೆ "ನಮ್ಮ ಸೊಸೆ ಕೈಗುಣ, ಏನು ಮಾಡೋಕಾಗುತ್ತೆ" ಅನ್ನುತ್ತಿದ್ದರು. ಹೊಗಳಿದ್ದ ಅದೇ ಮಾತು, ಅದೇ ಬಾಯಿ. ನೀರು ಶುದ್ಧವಾಗುವ ಹೊತ್ತಿಗೆ ಯಜಮಾನರಿಗೆ ಹುಚ್ಚು ಇಳಿದಿತ್ತು. ತೊಟ್ಟಿ ಎತ್ತಿ ಅಟ್ಟಕ್ಕೆ ಹಾಕಿ, ಸಮುದ್ರ ಬರೆಸಿದ ಪರದೆ ಕಟ್ಟಿದರು. ಮಾತು ಹೋಳೂರಿಗೂ ಮುಟ್ಟಿತ್ತು. ಮುಂದಿನ ಬಿತ್ತನೆಗೆ ಅಪ್ಪ ಹೇಳಿಕಳಿಸಲಿಲ್ಲ. ಮೊದಲ ಹಿಡಿ ದೊಡ್ಡಣ್ಣನ ಹೆಂಡತಿ ಹಾಕಿದಳಂತೆ. ಅಪ್ಪನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಕೈ ಕಂಡರೆ ನನಗೇ ಆಗುತ್ತಿರಲಿಲ್ಲ.

ಆಮೇಲೆ ನನಗೊಬ್ಬ ಮಗ ಹುಟ್ಟಿದ. ಜ್ವರಕ್ಕೆ ಡಾಕ್ಟರು ಹನಿ ಔಷಧಿ ಬರೆದುಕೊಟ್ಟರು. ಅದರ ಜೊತೆ ಬಂದ ಫಿಲ್ಲರು ಕೈಗೆತ್ತಿಕೊಂಡೆ, ಟಬ್ಬಿನಲ್ಲಿ ಮಗುಚಿದ ಮೀನು ಕಣ್ಣಿಗೆ ಕಟ್ಟಿತು. ಫಿಲ್ಲರು ಕೆಳಗಿಟ್ಟೆ. "ನೀವೇ ಹಾಕ್ರೀ, ನನ್ನ ಕೈಯಿಂದ ಬೇಡ" ಅಂದೆ. ಯಜಮಾನರು ಹಾಕಿದರು. ಅಲ್ಲಿಂದಾಚೆಗೆ ಮಗನಿಗೆ ಔಷಧಿ ಅಂದರೆ ಅವರೇ. ಅವರು ಫೋಟೋ ತೆಗೆಯಲು ಹೊರಗೆ ಹೋಗಿದ್ದರೆ, ಮಗ ಸುಡುತ್ತ ಮಲಗಿದ್ದರೂ, ಅವರನ್ನು ಕರೆತರುವ ತನಕ ನಾನು ಬಾಟಲಿ ಮುಟ್ಟುತ್ತಿರಲಿಲ್ಲ. ಅವರೂ ಪಾಪ, ಒಂದು ದಿನವೂ ಬೇಸರಿಸದೆ ಬಂದರು ಎಂದು ನಾನು ಅವರನ್ನು ದೇವರ ಹಾಗೆ ಕಂಡೆ.

ಮಗ ಶಾಲೆಗೆ ಸೇರಿದ ವರ್ಷ ನಂಗಲಿಯ ಗೆಳೆಯರು ಬಹಳ ಕಾಲದ ಮೇಲೆ ಮನೆಗೆ ಬಂದರು. ಊಟಕ್ಕೆ ಕೂತವರು ಬಾಗಿಲಿಂದ ಕಾಣುವ ಸಮುದ್ರದ ಪರದೆ ನೋಡಿ ನಕ್ಕರು.

"ಏನೇ ಹೇಳಿ ವದಿನಾ, ಆ ಹಳದಿ ಮೀನಿನ ಕಳೆ ಈ ಪರದೆಗೆ ಬರಲ್ಲ. ಮಾವಿನ ಮಂಡಿಯವರ ಮನೇಲಿ ಇನ್ನೂ ಆ ಫೋಟೋ ಗೋಡೆ ಮೇಲಿದೆ. ಮಕ್ಕಳು ಮುಂದೆ, ಹಿಂದೆ ದೊಡ್ಡ ತೊಟ್ಟೀಲಿ ಹಳದಿ ಮೀನು."

"ಹಳದಿ ಮೀನು ದೊಡ್ಡ ತೊಟ್ಟೀಲಿ ಯಾವತ್ತೂ ಇರ್ಲಿಲ್ಲ" ಅಂದೆ.

"ಅದೇಮಿ ವದಿನಾ, ನಿಮಗೆ ಗೊತ್ತಿಲ್ವಾ? ನೀವು ಬಿತ್ತನೆಗೆ ಹೋಗಿದ್ರಲ್ಲ, ಅವತ್ತು. ನಾನು ಇಲ್ಲೇ ಇದ್ದೆ. ಮಂಡಿಯವರು ಹಳದಿ ಮೀನೇ ಬೇಕು ಅಂತ ಕೂತ್ಬಿಟ್ರು. ಸೂತಕ ಇದೆ ಅಂದ್ರು ನಿಮ್ಮತ್ತೆ. ಆಮೇಲೆ ಅವರೇ ಅರಿಶಿನದ ನೀರು ಚಿಮುಕಿಸಿ, ಸೂತಕ ಕಳೀತು ಬಿಡೋ ಅಂದ್ರು. ಸಾಯಂಕಾಲ ಮತ್ತೆ ಹಿಡಿದು ಟಬ್ಬಿಗೆ ಹಾಕಿದ್ವಿ."

ಅವರು ಹುಳಿ ಕಲಸುತ್ತ ಹೇಳುತ್ತಲೇ ಇದ್ದರು. ಯಜಮಾನರು ಊಟ ಅರ್ಧಕ್ಕೇ ಬಿಟ್ಟು ಕೈ ತೊಳೆಯಲು ಎದ್ದರು. ನಾನು ಬಡಿಸುವ ಸೌಟು ಹಿಡಿದುಕೊಂಡೇ ನಿಂತಿದ್ದೆ. ನಾನು ಹುಡುಕಿದ್ದ ಆ ಒಳ್ಳೆಯ ಮಾತನ್ನೇ ಹಿಡಿದು ನನ್ನ ಕುತ್ತಿಗೆ ಕೊಯ್ದಿದ್ದರು. ಹುಳ ಅಂದಿದ್ದರೆ ಅರಿಶಿನಕ್ಕೆ ಹೋಗುತ್ತಿರಲಿಲ್ಲ. ಸೂತಕ ಅಂದೆ, ಅರಿಶಿನ ಚಿಮುಕಿಸಿ ಕಳೆದುಬಿಟ್ಟರು. ಹೋಗಲಿ, ಅದು ಅತ್ತೆಯ ಮಡಿಯ ತಿಳಿವಳಿಕೆ. ಆದರೆ ಇವರು? ಅರಿಶಿನಕ್ಕೆ ಹುಳ ಸಾಯುವುದಿಲ್ಲ ಎಂದು ಗೊತ್ತಿದ್ದವರು. ಊರಿನ ಒಂದು ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ತೂಗುತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿರಲಿಲ್ಲ.

ಗೆಳೆಯರು ಹೋದ ಮೇಲೆ ಅತ್ತೆಯನ್ನು ಕೇಳಿದೆ. "ಹಳೇದೆಲ್ಲ ಯಾಕಮ್ಮ ಈಗ. ಅವನು ಹೇಳಬೇಡ ಅಂದ, ನಾನು ಹೇಳ್ಲಿಲ್ಲ" ಅಂದರು. ಯಜಮಾನರು ಆ ವಾರವೆಲ್ಲ ಸ್ಟುಡಿಯೋದಲ್ಲೇ ಹೊತ್ತು ಕಳೆದರು. ನಾನೂ ಕೇಳಲಿಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಆಗ ಮಾತ್ರ ಅದಕ್ಕೆ ಬಾಯಿಯೇ ಬರಲಿಲ್ಲ.

ಮಗನಿಗೆ ಜ್ವರ ಬಂತು. ನಾನು ಬಾಟಲಿ ತೆಗೆದುಕೊಂಡೆ. ಅಭ್ಯಾಸದ ಮೇಲೆ ಯಜಮಾನರು ಕೈ ಚಾಚಿದರು. ಕೊಡಲಿಲ್ಲ.

"ಒಂದೇ ಮಾತು ಹೇಳಿ" ಅಂದೆ. "ಇವನು ಕೂಸಾಗಿದ್ದಾಗ, ನನ್ನ ಕೈಯಿಂದ ಬೇಡ ಅಂತ ನಾನು ಬಾಟಲಿ ನಿಮ್ಮ ಕೈಗೆ ಕೊಡ್ತಿದ್ನಲ್ಲ. ಆಗ ಒಂದು ಸಲನಾದ್ರೂ ನಿಜ ಹೇಳೋಣ ಅನ್ನಿಸ್ಲಿಲ್ವಾ?"

ಅವರು ಮಗನ ಹೊದಿಕೆ ಸರಿಮಾಡಿದರು. "ನೀನು ಕೊಡ್ತಿದ್ದೆ, ನಾನು ಹಾಕ್ತಿದ್ದೆ. ಅದರಲ್ಲೇನು ಕಷ್ಟ ಇತ್ತು" ಅಂದರು.

ಮುಚ್ಚಳಕ್ಕೆ ಔಷಧಿ ಬಗ್ಗಿಸಿದೆ. ಕೈ ನಡುಗಿ ಹಾಸಿಗೆಯ ಮೇಲೆ ಚೆಲ್ಲಿತು. ನಿಜ ಗೊತ್ತಾದ ಮೇಲೆ ನಡುಗಬಾರದಿತ್ತು. ಆದರೆ ಕೈಗೆ ಯಾರು ಹೇಳಬೇಕು?

"ನಾನು ಹಾಕ್ಲಾ?" ಅಂದರು.

"ಬೇಡ" ಎಂದು ಮತ್ತೆ ಬಗ್ಗಿಸಿದೆ. ಮತ್ತೆ ಚೆಲ್ಲಿತು. ಮೂರನೆಯ ಸಲಕ್ಕೆ ಗೆರೆಯವರೆಗೆ ತುಂಬಿತು. ಮಗ ಕಣ್ಣು ಬಿಟ್ಟು ನನ್ನನ್ನು ನೋಡಿದ. ಬಾಯಿ ತೆರೆಯದೆ, ಔಷಧಿ ಹಾಕುವ ಅಪ್ಪ ಎಲ್ಲಿ ಎಂದು ನನ್ನ ಹಿಂದೆ ಇಣುಕಿ ಹುಡುಕಿದ.