ಅತ್ತೆ ಆರಿಸಿದ ಮನೆ

ನನ್ನ ಗಂಡನಿಗೆ ಪಟ್ಟಿ ಮಾಡುವ ಚಟ. ನಾಗಪುರ ಬಿಟ್ಟು ಕರ್ನಾಟಕಕ್ಕೆ ಬರುವುದು ಎಂದು ತೀರ್ಮಾನವಾದ ದಿನವೇ ಒಂದು ದೊಡ್ಡ ಹಾಳೆಗೆ ಗೆರೆ ಹೊಡೆದು ಮೇಲೆ ಹೊಸಪೇಟೆ, ಸಂಡೂರು, ಕಂಪ್ಲಿ, ಹಂಪಿ ಎಂದು ಬರೆದರು. ಪಕ್ಕದಲ್ಲಿ ನೀರು, ಗಾಳಿ, ಆಸ್ಪತ್ರೆ, ಕಾರ್ಖಾನೆಯ ಬಸ್ಸು. ಒಂದೊಂದಕ್ಕೂ ಹತ್ತು ಅಂಕ. ತೋರಣಗಲ್ಲಿನ ಕಡೆ ಒಂದು ಕಾರ್ಖಾನೆಯಲ್ಲಿ ಅವರಿಗೆ ಹೊಸ ಕೆಲಸ ಸಿಕ್ಕಿತ್ತು. ಇರುವ ಊರನ್ನು ಮಾತ್ರ ನಾವೇ ಆರಿಸಿಕೊಳ್ಳಬೇಕಿತ್ತು. ನಾನು ಗದಗದವಳು. ಮರಾಠಿ ಮನೆಗೆ ಸೊಸೆಯಾಗಿ ಹೋಗಿ ಇಪ್ಪತ್ತೆರಡು ವರ್ಷ ನಾಗಪುರದ ಬಿಸಿಲು ಕುಡಿದವಳು. ಇನ್ನು ಮೇಲೆ ತರಕಾರಿಯವಳ ಹತ್ತಿರ ಕನ್ನಡದಲ್ಲೇ ಜಗಳ ಆಡಬಹುದು ಎಂಬ ಸಂತೋಷಕ್ಕೆ ಯಾವ ಊರಿಗಾದರೂ ನೂರಕ್ಕೆ ನೂರು ಕೊಡಲು ತಯಾರಿದ್ದೆ.

ಕಗ್ಗಂಟಾಗಿದ್ದದ್ದು ಅತ್ತೆಯ ವಿಷಯ. ಎಪ್ಪತ್ತೆರಡು ವಯಸ್ಸು, ಕನ್ನಡ ಒಂದಕ್ಷರ ಬಾರದು, ಮಾವ ತೀರಿಹೋಗಿ ಎಂಟು ವರ್ಷ. ನಾಗಪುರದಲ್ಲೇ ಇರುವ ನನ್ನ ನಾದಿನಿ ಅವರಿಗೆ ಒಂದು ತಿಂಗಳ ಗಡುವು ಕೊಟ್ಟಿದ್ದಳು. "ಹೋಗಿ ನೋಡು ಆಯಿ, ಒಗ್ಗದಿದ್ದರೆ ವಾಪಸ್ ಬಾ. ನಿನಗೆ ಅಂತ ಕೋಣೆ ಖಾಲಿ ಇಟ್ಟಿರ್ತೀನಿ." ಅದಕ್ಕೆ ಅತ್ತೆ "ನೋಡೋಣ" ಎಂದಿದ್ದರು. ಅವರ "ನೋಡೋಣ"ವನ್ನು ನಾನು ಬಲ್ಲೆ. ಅದು ಅರ್ಧ ರೈಲು ಹತ್ತಿದ ಹಾಗೆಯೇ.

ಅವರು ಹೋಗುವುದು ನನಗೆ ಸುತರಾಂ ಬೇಕಿರಲಿಲ್ಲ. ನನ್ನ ಬಾಯಿ ಜೋರು, ಅವರದು ಇನ್ನೂ ಜೋರು. ಸಾರಿಗೆ ಬೆಲ್ಲ ಎಷ್ಟು ಹಾಕಬೇಕು ಎಂಬ ವಿಷಯದಲ್ಲಿ ನಮ್ಮಿಬ್ಬರಲ್ಲಿ ಇವತ್ತಿಗೂ ರಾಜಿಯಾಗಿಲ್ಲ. ಆದರೆ ಅವರು ನಾಲ್ಕು ದಿನ ಮಗಳ ಮನೆಗೆ ಹೋದರೆ ನನಗೆ ಅಡುಗೆ ಮಾಡಲು ಕೈಯೇ ಬರುವುದಿಲ್ಲ. ಹೆದರಿಕೆಯಾಗಿತ್ತು ಎಂದೇ ಹೇಳಬೇಕು.

ಹೊಸಪೇಟೆಯಲ್ಲಿ ಕಾರ್ಖಾನೆಯವರು ಒಂದು ತಿಂಗಳ ಮಟ್ಟಿಗೆ ಕೊಟ್ಟ ಫ್ಲ್ಯಾಟಿನಲ್ಲಿ ಇಳಿದೆವು. ಮೂರನೇ ಮಹಡಿ. ಅತ್ತೆ ಬಾಲ್ಕನಿಯಲ್ಲಿ ನಿಂತು ಕೆಳಗಿನ ರಸ್ತೆಯನ್ನು ನೋಡುವರು, ಒಳಗೆ ಬಂದು ನನ್ನನ್ನು ನೋಡುವರು, ಮತ್ತೆ ಬಾಲ್ಕನಿಗೆ ಹೋಗುವರು. ಎದುರು ಮನೆಯ ಬಾಗಿಲು ಒಂದು ದಿನವೂ ತೆರೆಯಲಿಲ್ಲ. ಹೊಸಪೇಟೆಯ ಕಾಲಂನಲ್ಲಿ ನನ್ನ ಗಂಡ ಸದ್ದಿಲ್ಲದೆ ಹದಿನೈದು ಅಂಕ ಕಡಿಮೆ ಮಾಡಿದರು.

ಮೊದಲ ಸ್ಥಾನಕ್ಕೆ ಬಂದದ್ದು ಸಂಡೂರು. ಅಲ್ಲಿ ಹಿಂದೆ ಮರಾಠಾ ಅರಸರ ಸಂಸ್ಥಾನವಿತ್ತು, ಈಗಲೂ ಮರಾಠಿ ಮಾತಾಡುವ ಮನೆಗಳಿವೆ ಎಂದು ಸಹೋದ್ಯೋಗಿಯೊಬ್ಬರಿಂದ ತಿಳಿದ ಕೂಡಲೇ ಇವರು "ಅಮ್ಮನ ಭಾಷೆ" ಎಂದು ಹೊಸ ಸಾಲು ಎಳೆದು ಹತ್ತಕ್ಕೆ ಹತ್ತು ಬರೆದುಬಿಟ್ಟರು. ನಾನೂ ಒಳಗೊಳಗೇ ಗೆದ್ದೆ ಎಂದುಕೊಂಡೆ. ಮಾತಾಡಲು ಜನ ಸಿಕ್ಕಿದರೆ ಅತ್ತೆ ಯಾಕೆ ಹೋಗುತ್ತಾರೆ?

ಒಂದು ಭಾನುವಾರ ಬಸ್ಸು ಹತ್ತಿದೆವು. ಅದಿರಿನ ಲಾರಿಗಳ ಹಿಂದೆ ಕೆಂಪು ಧೂಳು ಕುಡಿಯುತ್ತಾ ಹೋಗಿ, ಗುಡ್ಡ ಹತ್ತಿ ಇಳಿದರೆ ಸುತ್ತಲೂ ಹಸಿರು. ಅತ್ತೆ ಕಿಟಕಿಯಿಂದ ತಲೆ ಒಳಗೆ ಎಳೆದುಕೊಳ್ಳಲೇ ಇಲ್ಲ. ಖಾಲಿ ಇದ್ದದ್ದು ಒಂದು ಹಳೆಯ ಮನೆಯ ಮಹಡಿ. ಕೆಳಗಿದ್ದ ಯಜಮಾನತಿ ಅತ್ತೆಯ ವಯಸ್ಸಿನವರೇ. ನಡುನಡುವೆ ಕನ್ನಡ ಬೆರೆತ ಮರಾಠಿಯಲ್ಲಿ ಅವರು "ಬನ್ನಿ, ಕೂತುಕೊಳ್ಳಿ" ಎಂದದ್ದೇ ಅತ್ತೆಯ ಮುಖ ಅರಳಿತು. ಬಿಸಿ ಬಿಸಿ ಅವಲಕ್ಕಿ ಬಂತು, ಚಹಾ ಬಂತು. ಅದರ ಜೊತೆಗೇ ಪ್ರಶ್ನೆಗಳೂ ಬಂದವು. ಯಾವ ಮನೆತನ, ತವರು ಯಾವುದು, ಯಜಮಾನರು ಏನಾಗಿದ್ದರು, ಹೋಗಿ ಎಷ್ಟು ವರ್ಷ, ಏನಾಗಿತ್ತು. ಅತ್ತೆ ಒಂದೊಂದಕ್ಕೂ ಉತ್ತರ ಕೊಟ್ಟರು. ಕೊಡುತ್ತಾ ಕೊಡುತ್ತಾ ಅವರ ದನಿ ಸಣ್ಣದಾಯಿತು.

ಹೊರಡುವಾಗ ಆ ತಾಯಿ ಅರಿಶಿನ ಕುಂಕುಮದ ತಟ್ಟೆ ತಂದರು. ನನ್ನ ಹಣೆಗೆ ಇಟ್ಟರು, ಕೈಗೆ ಹೂವು ಕೊಟ್ಟರು. ಪಕ್ಕದಲ್ಲಿದ್ದ ಅತ್ತೆಗೆ ತಟ್ಟೆಯನ್ನು ಕೆಳಗಿಟ್ಟು ಬರೀ ಕೈ ಮುಗಿದರು. ಬಹಳ ವಿನಯದಿಂದಲೇ ಮುಗಿದರು. ಅತ್ತೆಯೂ ಮುಗಿದು, ಅಂಗಳದ ತುಳಸಿಯನ್ನು ನೋಡುವ ನೆಪದಲ್ಲಿ ಪಕ್ಕಕ್ಕೆ ಸರಿದರು.

ಆ ತಾಯಿಯನ್ನು ಬೈಯುವ ಯೋಗ್ಯತೆ ನನಗಿಲ್ಲ. ನಾಗಪುರದ ನಮ್ಮ ಮನೆಯಲ್ಲಿ ಎಂಟು ವರ್ಷ ಸಂಕ್ರಾಂತಿಗೆ ಓಣಿಯ ಹೆಂಗಸರನ್ನೆಲ್ಲ ಕರೆದು ಕುಂಕುಮ ಕೊಟ್ಟವಳು ನಾನೇ. ಆಗ ಅತ್ತೆ ಒಳಗೆ ಎಳ್ಳುಂಡೆ ಕಟ್ಟುತ್ತಿದ್ದರು. ಅವರು ಒಳಗಿದ್ದಾರೆ ಎಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ, ಉಂಡೆ ಮುಗಿದಾಗ ಮಾತ್ರ ಬರುತ್ತಿತ್ತು.

ವಾಪಸು ಬರುವ ಬಸ್ಸಿನಲ್ಲಿ ಇವರು ಉತ್ಸಾಹದಿಂದ ಕೇಳಿದರು, "ಹೇಗಿದೆ ಅಮ್ಮ, ಮಾತಿಗೆ ಮಾತು ಸಿಗ್ತು ಅಲ್ವಾ?"

"ಬಹಳ ಸಿಗ್ತು" ಎಂದು ಅತ್ತೆ ಕಣ್ಣು ಮುಚ್ಚಿಕೊಂಡರು. ಆ ವಾರವೇ ನಾದಿನಿಗೆ ಫೋನ್ ಮಾಡಿ, ಖಾಲಿ ಇಟ್ಟಿರುವ ಕೋಣೆಗೆ ಬೆಳಗಿನ ಬಿಸಿಲು ಬರುತ್ತದೆಯೇ ಎಂದು ವಿಚಾರಿಸಿದರು.

ಇನ್ನು ಹತ್ತೇ ದಿನ ಉಳಿದಿತ್ತು. ಸಂಡೂರನ್ನು ಬಿಟ್ಟು ಕಂಪ್ಲಿಗೆ ಓಡಿದೆವು. ಭತ್ತದ ಗದ್ದೆ, ಕಾಲುವೆ ತುಂಬ ನೀರು, ಅಕ್ಕಿ ಗಿರಣಿಯ ಮಾಲೀಕರ ದೊಡ್ಡ ಮನೆಯ ಅರ್ಧ ಭಾಗ. ಗಿರಣಿಯವರ ಹೆಂಡತಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟು "ತಿನ್ರಿ ಅಮ್ಮಾ, ನಾಚಕೋಬ್ಯಾಡ್ರಿ" ಎಂದರು. ಭಾಷೆ ತಿಳಿಯದಿದ್ದರೂ ಆಜ್ಞೆ ತಿಳಿದು ಅತ್ತೆ ಮೂರು ಮಿರ್ಚಿ ತಿಂದರು. ಊರು ಅವರಿಗೆ ಇಷ್ಟವಾಯಿತೋ ಏನೋ, ಆದರೆ ಗಿರಣಿಯ ತೌಡಿನ ಧೂಳಿಗೆ ಒಂದೇ ಸಮ ಸೀನತೊಡಗಿದರು. ಹದಿನಾರರ ತನಕ ನಾನೇ ಎಣಿಸಿದೆ. ಕಾರ್ಖಾನೆಯ ಬಸ್ಸೂ ಆ ದಾರಿಗೆ ಬರುವುದಿಲ್ಲವೆಂದು ಗೊತ್ತಾಗಿ ಇವರು ಭಾರವಾದ ಮನಸ್ಸಿನಿಂದ ಕಂಪ್ಲಿಗೆ ಅಡ್ಡ ಗೆರೆ ಎಳೆದರು.

ಕೊನೆಗೆ ಉಳಿದದ್ದು ಹಂಪಿಯ ಕಡೆ. ಕಮಲಾಪುರದಲ್ಲಿ ಒಂದು ಚೆಂದದ ಮನೆ, ಹಿಂದೆ ಬಾಳೆ ತೋಟ. ಎಲ್ಲ ಒಪ್ಪಿಗೆಯಾದ ಮೇಲೆ ಮಾಲೀಕರು ತಲೆ ಕೆರೆದುಕೊಂಡು, "ಒಂದ್ ಮಾತ್ರೀ ಸರ್. ಸೀಜನ್‌ನ್ಯಾಗ ನಾಕು ತಿಂಗಳು ಟೂರಿಸ್ಟ್‌ಗೆ ಕೊಡ್ತೀವಿ. ಅವಾಗ ಖಾಲಿ ಮಾಡಿ ಮತ್ತ ಬರ್ರಿ" ಎಂದರು. ನನ್ನ ಬಾಯಿ ಸುಮ್ಮನಿರಲಿಲ್ಲ. "ಆ ನಾಲ್ಕು ತಿಂಗಳು ನಾವು ಕಲ್ಲಿನ ಮಂಟಪದಲ್ಲಿ ಇರಬೇಕಾ?" ಎಂದು ಕೇಳಿದೆ. "ನಿಮ್ಮಿಷ್ಟ್ರೀ" ಎಂದರು ಆ ಪುಣ್ಯಾತ್ಮರು, ನಗದೆ.

ಸಿಟ್ಟಿನಲ್ಲಿ ಆಟೊ ಹತ್ತಿ ಹೊಸಪೇಟೆಯ ದಾರಿ ಹಿಡಿದೆವು. ಮಲಪನಗುಡಿಗೆ ಬರುವಷ್ಟರಲ್ಲಿ ಟೈರು ಪಂಕ್ಚರ್ ಆಯಿತು. ಡ್ರೈವರು ಜಾಕು ಹಾಕಿ ಕೂತ. ಇವರು ಪಕ್ಕದಲ್ಲಿ ನಿಂತು ಅವನಿಗೆ ಬೇಡದ ಸಲಹೆ ಕೊಡುತ್ತಿದ್ದರು. ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಮನೆಯ ಕಟ್ಟೆಯ ಮೇಲೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬುಟ್ಟಿ ತುಂಬ ಮಲ್ಲಿಗೆ ಮೊಗ್ಗು ಇಟ್ಟುಕೊಂಡು ಮಾಲೆ ಕಟ್ಟುತ್ತಿದ್ದರು. ಹಡಗಲಿಯಿಂದ ಬಂದ ಹೂವಂತೆ. ಕಟ್ಟಿಕೊಟ್ಟರೆ ಹೊಸಪೇಟೆಯ ಅಂಗಡಿಗೆ ಹೋಗುತ್ತದೆ.

"ಬಿಸಿಲಾಗ ಯಾಕ ನಿಂತೀರಿ? ಬರ್ರಿ, ಕುಂದ್ರಿ" ಎಂದು ಅವರು ಕರೆದರು. ಅತ್ತೆ ಹೋಗಿ ಕಟ್ಟೆಯ ಮೇಲೆ ಕೂತರು. ಐದು ನಿಮಿಷ ಅವರ ಬೆರಳುಗಳನ್ನೇ ನೋಡಿದರು. ಆಮೇಲೆ ತಾವೇ ಕೈ ಚಾಚಿ ದಾರ ತೆಗೆದುಕೊಂಡರು. ನಾಗಪುರದ ಕಡೆ ಸೂಜಿಯಲ್ಲಿ ಪೋಣಿಸುವುದು ರೂಢಿ, ಇಲ್ಲಿ ಬೆರಳಲ್ಲೇ ಗಂಟು. ಅತ್ತೆ ಹಾಕಿದ ಮೊದಲ ಗಂಟಿಗೆ ನಾಲ್ಕು ಮೊಗ್ಗು ಉದುರಿ ಬಿದ್ದವು. ಹೂವಿನಾಕೆ ಗಹಗಹಿಸಿ ನಕ್ಕು, "ಹಂಗಲ್ರೀ ಅಮ್ಮಾ, ಹಿಂಗ" ಎಂದು ಅವರ ಬೆರಳು ಹಿಡಿದು ತೋರಿಸಿದರು. ಅತ್ತೆ ಮರಾಠಿಯಲ್ಲಿ ಏನೋ ಅಂದರು. ಈಕೆ ಕನ್ನಡದಲ್ಲಿ ಇನ್ನೇನೋ ಅಂದರು. ಇಬ್ಬರೂ ನಕ್ಕರು. ನಾನು ಅನುವಾದ ಮಾಡಲು ಹೋದರೆ ಇಬ್ಬರಿಗೂ ಬೇಕಾಗಿರಲಿಲ್ಲ.

ಅರ್ಧ ಗಂಟೆಯಲ್ಲಿ ಟೈರು ಸಿದ್ಧವಾಯಿತು. ನಾವು ಏಳುವಾಗ ಆಕೆ ಮಾಲೆಯಿಂದ ಕತ್ತರಿಸಿ ನನಗೊಂದು ತುಂಡು ಕೊಟ್ಟರು. ಆಮೇಲೆ ಇನ್ನೊಂದನ್ನು ಅಳೆದು ಕತ್ತರಿಸಿ, ಅತ್ತೆಯ ಹಿಂದೆ ಬಂದು ಅವರ ಬಿಳಿ ತುರುಬಿಗೆ ಮುಡಿಸಲು ಕೈ ಎತ್ತಿದರು.

"ಅಯ್ಯೋ, ಅವರು ಮುಡಿಯೋ..." ಎನ್ನುವಷ್ಟರಲ್ಲಿ ಅತ್ತೆ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಹೂವು ತುರುಬಿಗೆ ಹೋಯಿತು. ಆಟೊದಲ್ಲಿ ಅತ್ತೆ ಬೆನ್ನು ಆನಿಸದೆ, ಮುಂದೆ ಬಾಗಿ ಕೂತರು. ಹೂವು ನಲುಗಬಾರದಲ್ಲ.

ಕಾಲುವೆ ದಾಟಿದ ಮೇಲೆ ಅವರೇ ಬಾಯಿ ಬಿಟ್ಟರು. "ಆ ಕಟ್ಟೆ ಮನೆಯ ಪಕ್ಕದಲ್ಲಿ ಒಂದು ಮನೆಗೆ ಬೀಗ ಇತ್ತು. ಬಾಡಿಗೆಗೆ ಕೊಡ್ತಾರಾ ಕೇಳು."

"ಈ ಊರು ನನ್ನ ಪಟ್ಟಿಯಲ್ಲೇ ಇಲ್ಲವಲ್ಲ ಅಮ್ಮ" ಎಂದರು ನನ್ನ ಗಂಡ, ಕಂಗಾಲಾಗಿ.

"ಹಾಗಾದರೆ ಬರೆದುಕೋ."

ಬೀಗದ ಮನೆಯ ಮಾಲೀಕರು ಹೊಸಪೇಟೆಯಲ್ಲೇ ಅಂಗಡಿ ಇಟ್ಟುಕೊಂಡವರು, ಸುಲಭವಾಗಿ ಒಪ್ಪಿದರು. ಕಾರ್ಖಾನೆಯ ಬಸ್ಸು ಹಿಡಿಯಲು ಇವರು ದಿನಾ ಸ್ಕೂಟರಿನಲ್ಲಿ ಹೊಸಪೇಟೆಗೆ ಹೋಗುತ್ತಾರೆ, ದಿನಾ ಗೊಣಗುತ್ತಾರೆ. ಹಾಲು ಉಕ್ಕಿಸಿದ ದಿನ ಅತ್ತೆ ನಾದಿನಿಗೆ ಫೋನ್ ಮಾಡಿ, "ಆ ಕೋಣೆಯಲ್ಲಿ ನಿನ್ನ ಮಗಳು ಓದಿಕೊಳ್ಳಲಿ" ಎಂದರು. ನಾನು ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡು ಬಂದೆ. ಈರುಳ್ಳಿ ಹೆಚ್ಚುತ್ತಿರಲಿಲ್ಲ.

ಆದರೆ ನನಗೆ ಒಂದು ಅಳುಕು ಉಳಿದೇ ಇತ್ತು. ಅತ್ತೆ ದಿನಾ ಕಟ್ಟೆಗೆ ಹೋಗುತ್ತಿದ್ದರು, ದಿನಾ ಹೂವು ಮುಡಿದು ಬರುತ್ತಿದ್ದರು. ಪಾಪ, ಆಕೆಗೆ ಗೊತ್ತಿಲ್ಲ. ನಾಳೆ ಗೊತ್ತಾಗಿ ಮುಖ ತಿರುಗಿಸಿದರೆ? ತಡೆಯಲಾರದೆ ಒಂದು ಮಧ್ಯಾಹ್ನ ನಾನೇ ಹೋಗಿ, "ಅಕ್ಕಾ, ನಮ್ಮ ಮಾವನವರು ಇಲ್ಲ, ತೀರಿಹೋಗಿ ಎಂಟು ವರ್ಷ ಆಯಿತು" ಎಂದು ಹೇಳಿಬಿಟ್ಟೆ.

ಆಕೆಯ ಬೆರಳು ನಿಲ್ಲಲಿಲ್ಲ. "ನನಗೇನ್ ಕಣ್ಣಿಲ್ಲೇನ್ರೀ? ಕೊಳ್ಳಾಗ ತಾಳಿ ಇಲ್ಲ ಅಂತ ಅವತ್ತ ನೋಡೀನಿ. ಅದಕ್ಕ ನಿಮಗಿಂತ ಒಂದ್ ಗೇಣು ಜಾಸ್ತಿ ಕೊಟ್ಟೆ" ಎಂದರು.

ಮನೆಗೆ ಬಂದು ಅತ್ತೆಗೆ ಎಲ್ಲ ಒಪ್ಪಿಸಿದೆ. "ಅವಳಿಗೆ ಗೊತ್ತು ಅಂತ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ನಿನಗೊಬ್ಬಳಿಗೇ" ಎಂದರು ಅವರು, ಅಕ್ಕಿ ಆರಿಸುತ್ತಾ. ನನಗೆ ಅಳು ಬಂತು. ಎಂಟು ವರ್ಷ ನಾನು ಊರಿಗೆಲ್ಲ ಕುಂಕುಮ ಕೊಟ್ಟೆ, ನಿಮಗೆ ಕೊಡಲಿಲ್ಲ, ನೀವು ಯಾಕೆ ಒಂದು ಸಲವೂ ಕೇಳಲಿಲ್ಲ ಎಂದೆ.

"ಕೇಳಿದ್ದರೆ ಕೊಡ್ತಿದ್ದೆಯಾ?"

ಹೂಂ ಎಂದು ಸುಳ್ಳು ಹೇಳಿದರೆ ಅವರಿಗೆ ಗೊತ್ತಾಗುತ್ತದೆ. ಅತ್ತೆ ಮೊರ ಪಕ್ಕಕ್ಕಿಟ್ಟು, ಆ ದಿನದ ಹೂವನ್ನು ನನ್ನ ಕೈಗೆ ಕೊಟ್ಟು, ನನ್ನ ಕಡೆ ಬೆನ್ನು ಮಾಡಿ ಕೂತರು.

"ಭುಜ ನೋಯ್ತಿದೆ, ಕೈ ಹಿಂದೆ ಹೋಗ್ತಾ ಇಲ್ಲ. ನೀನೇ ಮುಡಿಸು" ಎಂದರು.